ಭಟ್ಟಿಯಲ್ಲೊಂದು ಕುರ್ಚಿ

ಹರಿಹರ, ಬುಧವಾರ

ಬಕ್ಕೇಶಪ್ಪನವರೇ, ನಮಸ್ಕಾರ.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಆಹಾರ ಸಂಸ್ಕರಣೆಯ ಪದವಿ ಓದುತ್ತಿರುವ ನನ್ನ ವಿದ್ಯಾರ್ಥಿನಿ ರೇವತಿಯನ್ನು ಕೆಲಸ ಕಲಿಯಲೆಂದು ದಾವಣಗೆರೆಯ ನಿಮ್ಮ ಮಂಡಕ್ಕಿ ಭಟ್ಟಿಗೆ ಕಳಿಸಿದ್ದೆ. ನೀವು ಐವತ್ತಕ್ಕೆ ಐವತ್ತು ಅಂಕ ಕೊಟ್ಟಿರಿ. ನಿನ್ನೆ ಪ್ರಾಯೋಗಿಕ ಪರೀಕ್ಷೆಯಲ್ಲಿ, ಅಕ್ಕಿ ಹುರಿಯುವ ಮರಳು ಹದವಾಗಿ ಕಾದಿದೆಯೆಂದು ಹೇಗೆ ತಿಳಿಯುತ್ತದೆ ಎಂದು ಪರೀಕ್ಷಕರು ಕೇಳಿದರೆ, "ಗೊತ್ತಿಲ್ಲ ಸರ್, ನಾನು ಒಲೆ ಹತ್ರ ಹೋಗೇ ಇಲ್ಲ" ಅಂದಳು.

ಸಂಜೆ ನಿಮಗೆ ಫೋನು ಮಾಡಿದೆ. "ನೀವು ಕಳಿಸಿದ ಹುಡುಗಿ ಮನಿಗೆ ಬಂದ ನೆಂಟರಿದ್ದಂಗೆ ಮೇಡಂ. ಹೊಗ್ಯಾಗೆ ಹೆಂಗೆ ನಿಲ್ಲಿಸ್ಲಿ? ಕುರ್ಚಿ ಹಾಕ್ಸಿ ಕೂಡ್ಸಿದ್ದೆ. ಗುಣದಾಗೆ ಬಂಗಾರ, ಅದ್ಕೇ ಪೂರ್ತಿ ಕೊಟ್ಟೆ" ಅಂದಿರಿ.

ಈಗ ನಾನೇನು ಮಾಡಲಿ? ಫೇಲು ಮಾಡೋಣವೆಂದರೆ ಅವಳ ತಪ್ಪಿಲ್ಲ. ಅವಳು ಕೆಲಸ ಕೇಳಿದಾಗಲೆಲ್ಲ ನೀವು ಚಹಾ ಕೊಟ್ಟಿದ್ದೀರಿ. ಪಾಸು ಮಾಡಿದರೆ ಏನೂ ಬಾರದೆ ಕೊನೆಯ ವರ್ಷಕ್ಕೆ ಹೋಗುತ್ತಾಳೆ. ನಿಮ್ಮ ಮೇಲೆ ಸಿಟ್ಟಾಗೋಣವೆಂದರೆ, ಅಷ್ಟು ಪ್ರೀತಿಯಿಂದ ನೋಡಿಕೊಂಡವರ ಮೇಲೆ ಸಿಟ್ಟಾಗುವುದು ಹೇಗೋ ತಿಳಿಯುತ್ತಿಲ್ಲ.

ಕೊನೆಗೆ ಮರುಪರೀಕ್ಷೆಗೆ ಕೂರಿಸುವುದೆಂದು ನಿರ್ಧರಿಸಿದ್ದೇನೆ, ಅದಕ್ಕೆ ಒಂದು ತಿಂಗಳಿದೆ. ಅವಳನ್ನು ಮತ್ತೆ ಕಳಿಸುತ್ತೇನೆ, ದಯವಿಟ್ಟು ಒಲೆಯ ಮುಂದೆ ನಿಲ್ಲಿಸಿ. ಅಕ್ಕಿ ಸೀದರೆ ನಿಮ್ಮ ಕೆಲಸದವರನ್ನು ಬೈಯುವ ಹಾಗೆಯೇ ಬೈಯಿರಿ. ಹೀಗೆ ಬರೆಯಲು ಹೇಳಿದವಳು ಅವಳೇ.

ನಾನೂ ನೋಡಲು ಬರುತ್ತೇನೆ. ಹೋದ ಸಲ ಬಂದಾಗ ಮಾಡಿದ ಹಾಗೆ ಅವಳ ಪಕ್ಕದಲ್ಲೇ ನನಗೂ ಕುರ್ಚಿ ಹಾಕಿಸಬೇಡಿ, ಮಂಡಕ್ಕಿ ಮೆಣಸಿನಕಾಯಿಯನ್ನೂ ತರಿಸಬೇಡಿ. ತರಿಸಿದರೆ ಈ ಸಲವೂ ಕೂತುಬಿಡುತ್ತೇನೆ.

ನಿಮ್ಮ ವಿಶ್ವಾಸದ,
ಸುನೀತಾ