ಇಬ್ಬರು ಬೋರಲಿಂಗಯ್ಯ

೮ ಮಾರ್ಚ್ ೨೦೦೭, ಗುರುವಾರ
ರಾಮನಗರ. ಎಂದಿನಂತೆ ಬೆಳಗ್ಗೆಯೇ ಕರೆಂಟ್ ಇಲ್ಲ. ಯುಪಿಎಸ್‌ನಲ್ಲೇ ಮಾಗಡಿ ನರ್ಸಿಂಗ್ ಹೋಮ್‌ನ ರೋಗಿಗಳ ಪಟ್ಟಿ ಕ್ಲೀನ್ ಮಾಡಿದೆ. ಹೆಸರು, ತಂದೆ ಹೆಸರು, ಊರು — ಮೂರೂ ಒಂದೇ ಇದ್ದರೆ ಒಬ್ಬರನ್ನೇ ಎರಡು ಸಲ ಬರೆದಿದ್ದಾರೆ ಎಂದು ಲೆಕ್ಕ. ಡೂಪ್ಲಿಕೇಟ್‌ಗಳೆಲ್ಲ ಹೋದವು. ಸಂಜೆ ಹೋಗಿ ಅಲ್ಲಿನ ಕಂಪ್ಯೂಟರ್‌ಗೆ ಹಾಕಿ ಬಂದೆ.
ಸೋಮವಾರ ನಮ್ಮ ಸಾಫ್ಟ್‌ವೇರ್‌ನ ಡೆಮೊ. ಕನಕಪುರ, ಚನ್ನಪಟ್ಟಣದ ಡಾಕ್ಟರುಗಳು ಬರುತ್ತಾರೆ. ಅವರು ಒಪ್ಪಿದರೆ ನಮ್ಮ ಕಂಪನಿ ಬದುಕಿತು.

೧೦ ಮಾರ್ಚ್, ಶನಿವಾರ
ಪಾರ್ಟ್‌ನರ್ ರುದ್ರಪ್ರಸಾದ್ ಪಟ್ಟಿ ನೋಡಿ ನಕ್ಕ. "ತಿಪ್ಪಸಂದ್ರದಾಗೆ ಬೋರಲಿಂಗಯ್ಯ ಒಬ್ಬನೇನಾ? ಅದು ದೇವರ ಹೆಸ್ರು ಕಣೇ ಮೇಘನಾ, ಮನೆಗೊಬ್ಬ ಇರ್ತಾನೆ. ಅಪ್ಪಂದಿರೂ ಅಷ್ಟೇ, ಎಲ್ಲಾ ರಾಮಲಿಂಗಯ್ಯನೇ."
ಒಬ್ಬ ಬೋರಲಿಂಗಯ್ಯನಿಗೆ ಪೆನಿಸಿಲಿನ್ ಆಗದು ಎಂದು ನಾನೇ ಟೈಪ್ ಮಾಡಿದ್ದೆ. ಈಗ ಪಟ್ಟಿಯಲ್ಲಿರುವುದು ಒಬ್ಬನೇ. ಅಲರ್ಜಿ: ಇಲ್ಲ. ಹಳೇ ಪಟ್ಟಿಯ ಬ್ಯಾಕಪ್ ಸಿಡಿಯನ್ನು ಕಂಪ್ಯೂಟರ್ ಓದುತ್ತಿಲ್ಲ. ಹೀಗೆ ಇನ್ನೆಷ್ಟು ಜನವೋ...
"ಮಾಗಡಿ ಡಾಕ್ಟರಮ್ಮಂಗೆ ಈಗ್ಲೇ ಫೋನ್ ಮಾಡು," ಅಂದ. ಮಾಡಲಿಲ್ಲ. ಭಯ. ನಂಬಿಕೆ ಹೋದರೆ ಸೋಮವಾರ ಯಾರು ಬರುತ್ತಾರೆ? ನಾಳೆ ಊರಿಗೇ ಹೋಗಿ ವಿಚಾರಿಸಿ, ಸದ್ದಿಲ್ಲದೆ ಸರಿ ಮಾಡುತ್ತೇನೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

೧೧ ಮಾರ್ಚ್, ಭಾನುವಾರ, ೧೦.೪೦
ಮಾಗಡಿಗೆ ಹೋಗುವ ಬಸ್ಸಿನಲ್ಲಿ.
ತಿಪ್ಪಸಂದ್ರದಲ್ಲಿ ಮೊದಲನೆಯ ಬೋರಲಿಂಗಯ್ಯ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದರು. "ನಂಗೆಲ್ಲಾ ಸೂಜೀನೂ ಒಗ್ತದೆ ಕಣವ್ವ. ಒಗ್ದೆ ಇರೋದು ಆಚೆ ಬೀದಿಯವ್ನಿಗೆ. ಒಂದ್ಸಲ ಮುಖವೆಲ್ಲ ಊದ್ಕಂಡು ಸಾಯೋ ಹಂಗಾಗಿದ್ದ."
ಆಚೆ ಬೀದಿಗೆ ಓಡಿದೆ. ಅವರ ಹೆಂಡತಿ ನಾಗಲಕ್ಷ್ಮಮ್ಮ ಒಬ್ಬರೇ ಇದ್ದರು. "ಕಾಲಿನ ಗಾಯ ಕೀವಾಗಿತ್ತು. ಸೂಜಿ ಹಾಕುಸ್ಕಂಡ್ ಬತ್ತೀನಿ ಅಂತ ಮಾಗಡಿಗೆ ಹೋದ್ರು. ಮೊದ್ಲೆಲ್ಲ ಡಾಕ್ಟ್ರು ಬರ್ಕೊಟ್ಟ ಚೀಟಿ ಹಿಡ್ಕಂಡ್ ಹೋಗೋರು. ಈಗ ಕಂಪ್ಯೂಟರ್‌ನಾಗೇ ಐತಂತಲ್ಲ, ಇಲ್ಲೇ ಬುಟ್ಟೋದ್ರು." ಚೀಟಿ ತೋರಿಸಿದರು: ಪೆನಿಸಿಲಿನ್ ಕೊಡಬಾರದು.
ಊರಲ್ಲಿ ಸಿಗ್ನಲ್ ಇರಲಿಲ್ಲ. ಬಸ್ ಹತ್ತಿ, ಸಿಗ್ನಲ್ ಸಿಗುತ್ತಲೇ ನರ್ಸಿಂಗ್ ಹೋಮ್‌ಗೆ ಫೋನ್ ಮಾಡಿದೆ. ನರ್ಸ್ ಖತೀಜಾ ಎತ್ತಿದಳು. "ಸ್ಕ್ರೀನ್ ನೋಡೇ ಪೆನಿಸಿಲಿನ್ ಹಾಕ್ದೆ ಮೇಡಂ, ಈಗ್ತಾನೇ." ತಪ್ಪಾಗಿದೆ, ಡಾಕ್ಟರನ್ನು ಕರಿ ಎಂದು ಕೂಗಿದೆ. ರಿಸೀವರ್ ಮೇಜಿನ ಮೇಲಿಟ್ಟು ಓಡಿದಳು.
ಲೈನ್ ಇನ್ನೂ ಇದೆ. ಕಿವಿಗೊತ್ತಿಕೊಂಡೇ ಬರೆಯುತ್ತಿದ್ದೇನೆ. ಬರೆಯದಿದ್ದರೆ ಕಿರುಚಿಬಿಡುತ್ತೇನೆ. ಕುರ್ಚಿ ಬಿದ್ದ ಸದ್ದು. ಡಾಕ್ಟರಮ್ಮನ ದನಿ. "ಬೋರಲಿಂಗಯ್ಯ, ಕಣ್ ಬಿಡಿ... ಬೋರಲಿಂಗಯ್ಯ..."
ಬೋರಲಿಂಗಯ್ಯನವರ ದನಿ ಮಾತ್ರ ಕೇಳಿಸುತ್ತಿಲ್ಲ.