ಮೋಟುಜಡೆಯ ನಾಲ್ಕು ಸೆಕೆಂಡು

ಮಾರ್ಚ್ ೧೨, ಗುರುವಾರ

ಪ್ರೀತಿಯ ಅಣ್ಣನಿಗೆ, ನಿನ್ನ ತಂಗಿಯ ನಮಸ್ಕಾರ.

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ನೀನೂ ಅತ್ತಿಗೆಯೂ ಸೇರಿ ಈ ಸೋಮಾರಿಯನ್ನು ಎಷ್ಟು ಬೈದುಕೊಂಡಿದ್ದೀರೋ, ಅಷ್ಟನ್ನೂ ಒಪ್ಪಿಕೊಂಡೆ. ದಿನವೆಲ್ಲ ಸ್ಟುಡಿಯೋದಲ್ಲಿ ಬೇರೆಯವರ ಬಾಯಿಗೆ ಮಾತು ಕೊಟ್ಟು ಮನೆಗೆ ಬಂದರೆ ನನ್ನ ಮಾತೇ ನನಗೆ ಸಿಗುವುದಿಲ್ಲ. ಇವತ್ತು ರಜೆ ಹಾಕಿ, ಬಾಗಿಲು ಹಾಕಿಕೊಂಡು ಬರೆಯಲು ಕೂತಿದ್ದೇನೆ. ನಿನ್ನ ಮೊಣಕಾಲು ಹೇಗಿದೆ? ಮೆಟ್ಟಿಲು ಹತ್ತುವಾಗ ಇನ್ನೂ ಗೋಡೆ ಹಿಡಿಯುತ್ತೀಯಂತೆ. ಕೋಲು ಹಿಡಿದರೆ ನಿನ್ನ ಗಂಟೇನು ಹೋಗುತ್ತದೆ?

ಮೊನ್ನೆ ಅತ್ತಿಗೆ ಫೋನ್ ಮಾಡಿದ್ದರು. ನಮ್ಮ ಹಳೆಯ ಕಾರ್ ರ‍್ಯಾಲಿ ಕ್ಲಬ್ಬಿನವರು ಶಾಲೆ ಮಕ್ಕಳಿಗೆ ತರಬೇತಿ ಶುರು ಮಾಡುತ್ತಾರಂತೆ, ಯಾರೋ ನಿನ್ನ ಹೆಸರು ಹೇಳಿದರಂತೆ. ಮೂವತ್ತು ವರ್ಷದ ಹಿಂದಿನ ಅಪಘಾತದ ವರದಿಯಲ್ಲಿ 'ಚಾಲಕನ ದುಡುಕು' ಎಂದು ಬರೆದಿದೆ, ಅಂಥವರ ಕೈಗೆ ಮಕ್ಕಳನ್ನು ಕೊಡುವುದು ಹೇಗೆ ಎಂದು ಕಾರ್ಯದರ್ಶಿ ರಾಗ ಎಳೆದರಂತೆ. ಇಪ್ಪತ್ತನೇ ತಾರೀಖು ತೀರ್ಮಾನವಂತೆ. "ನಿಮ್ಮಣ್ಣ ಏನಂದ್ರು ಗೊತ್ತಾ? ಹೋಗ್ಲಿ ಬಿಡು ಅಂದ್ರು. ಆದ್ರೆ ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ" ಎಂದರು ಅತ್ತಿಗೆ. ಮೂವತ್ತು ವರ್ಷ ಡ್ರೈವಿಂಗ್ ಸ್ಕೂಲಿನ ಡಬ್ಬಾ ಕಾರಿನಲ್ಲಿ ಎರಡನೇ ಗೇರು ದಾಟದ ನಿನಗೆ ಆ ಮಕ್ಕಳೆಂದರೆ ಏನೆಂದು ನನಗೆ ಗೊತ್ತು.

ಈಗ ನನ್ನ ಸುದ್ದಿ ಕೇಳು. ಐವತ್ತೊಂದನೇ ವಯಸ್ಸಿನಲ್ಲಿ ನನಗೆ ಹದಿನಾರಾಗಿದೆ. ಜಪಾನಿನಿಂದ ಬಂದ ಒಂದು ಆನಿಮೆ ಕಾರ್ಟೂನಿಗೆ ಡಬ್ಬಿಂಗ್ ನಡೆಯುತ್ತಿದೆ, ರ‍್ಯಾಲಿ ಕಾರು ಓಡಿಸುವ ಶಾಲೆ ಹುಡುಗಿಗೆ ನನ್ನದೇ ದನಿ. ಅವಳಿಗೊಂದು ಉದ್ದದ ಹೆಸರಿದೆ, ನಾವು ಸ್ಟುಡಿಯೋದಲ್ಲಿ ಮೋಟುಜಡೆ ಅನ್ನುತ್ತೇವೆ. ಅಷ್ಟು ಚಿಕ್ಕವಳಿಗೆ ಲೈಸೆನ್ಸ್ ಕೊಟ್ಟವರು ಯಾರು ಎಂದು ಕೇಳಬೇಡ. ಸೀಟು ದೊಡ್ಡದಾಯಿತೆಂದು ಬೆನ್ನ ಹಿಂದೆ ಶಾಲೆಯ ಚೀಲ ಇಟ್ಟುಕೊಳ್ಳುತ್ತಾಳೆ. ಸರದಿ ಬರುವವರೆಗೆ ಬಾನೆಟ್ ಮೇಲೆ ಪುಸ್ತಕ ಹರಡಿ ಹೋಮ್‌ವರ್ಕ್ ಮಾಡುತ್ತಾಳೆ. ಪಕ್ಕದ ಸೀಟಿನಲ್ಲಿ ದಾರಿಯ ಟಿಪ್ಪಣಿ ಓದಿ ಹೇಳುವವಳು ಅವಳದೇ ತರಗತಿಯ ಸೋಡಾಗ್ಲಾಸ್ ಕನ್ನಡಕದ ಹುಡುಗಿ.

ಮೊದಮೊದಲು ನನಗೆ ನಗು ಬರುತ್ತಿತ್ತು. ಆಮೇಲೆ ಒಂದು ಕಂತಿನಲ್ಲಿ ಎರಡು ನಿಮಿಷ ಅವಳಿಗೆ ಮಾತೇ ಇಲ್ಲ, ಬೆಟ್ಟದ ದಾರಿ, ಬರೀ ಉಸಿರು. ನಾನು ಮೈಕಿನ ಮುಂದೆ ಓಟದವಳ ಹಾಗೆ ಏದುಸಿರು ಬಿಟ್ಟೆ. ಪರದೆಯ ಮೇಲೆ ನೋಡಿದರೆ ತಿರುವಿನಲ್ಲಿ ಅವಳ ಎದೆ ಅಲುಗುತ್ತಲೇ ಇಲ್ಲ. ತಿರುವು ಮುಗಿದು ಚಕ್ರ ನೇರವಾದ ಮೇಲೆ ಒಂದು ಉಸಿರು, ಅದೂ ಮೂಗಿನಿಂದ. ಥೇಟ್ ನೀನೇ. ಎಲ್ಲೋ ಕೂತು ಗೆರೆ ಎಳೆದ ಪುಣ್ಯಾತ್ಮನಿಗೆ ಇದು ಹೇಗೆ ಗೊತ್ತಾಯಿತು, ಅಣ್ಣ? ಉಸಿರು ಕೊಡುವುದನ್ನೇ ಮರೆತು ಕಣ್ಣು ಬಾಯಿ ಬಿಟ್ಟು ನೋಡುತ್ತಾ ನಿಂತೆ, ಟೇಕು ಹಾಳಾಯಿತು.

ಮೊನ್ನೆ ಸೋಮವಾರ ಮತ್ತೊಂದು ಕಂತು. ಕನ್ನಡಕದವಳು ತಿರುವನ್ನು ತಡವಾಗಿ ಹೇಳುತ್ತಾಳೆ, ಕಾರು ಹಳ್ಳಕ್ಕೆ ಇಳಿಯುತ್ತದೆ, ಗೆಲ್ಲುತ್ತಿದ್ದ ರ‍್ಯಾಲಿ ಕೈಬಿಟ್ಟು ಹೋಗುತ್ತದೆ. ಕೋಚ್ ಓಡಿಬಂದು ಯಾರ ತಪ್ಪು ಎಂದು ಕೇಳುತ್ತಾನೆ. ಆಗ ಮೋಟುಜಡೆಗೆ ಇರುವುದು ನಾಲ್ಕು ಸೆಕೆಂಡಿನ ಮಾತು: "ನಾನೇ ಲೇಟಾಗಿ ತಿರುಗಿಸ್ದೆ ಸರ್. ಅವಳು ಸರಿಯಾಗೇ ಹೇಳಿದ್ಲು."

ಇಪ್ಪತ್ತೆರಡು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಆ ನಾಲ್ಕು ಸೆಕೆಂಡಿಗೆ ನನ್ನ ನಾಲಿಗೆ ಹೊರಳಲಿಲ್ಲ. ಒಂದು ಸಲ ಅಳು ಬಂತು, ಇನ್ನೊಂದು ಸಲ ಮಾತು ತುಟಿಗೆ ಹೊಂದಲಿಲ್ಲ. ನಿರ್ದೇಶಕಿ ನನ್ನ ಮಗಳ ವಯಸ್ಸಿನವಳು, ಪಾಪ, ಮೆತ್ತಗೆ ಹೇಳಿದಳು: "ಅಮ್ಮಾ, ಇಷ್ಟೊಂದು ತ್ಯಾಗ ಬೇಡ. ಅವಳ ಮುಖ ನೋಡಿ, ಅವಳಿಗೆ ಬೇಜಾರೇ ಇಲ್ಲ." ರೆಕಾರ್ಡಿಂಗಿನವನಿಗೆ ಆ ನಾಜೂಕೂ ಇಲ್ಲ. "ಮೇಡಂ, ಒಳ್ಳೆಯವಳು ಅನ್ನಿಸ್ಕೊಳ್ಳೋಕೆ ಹೋಗ್ಬೇಡಿ. ಸುಮ್ನೆ ಹೇಳಿ ಸಾಕು" ಎಂದ. ಹನ್ನೊಂದು ಟೇಕು ಆಯಿತು. ಗಂಟಲು ಕಟ್ಟಿದೆ ಎಂದು ಸುಳ್ಳು ಹೇಳಿ ಬಿಸಿನೀರು ತರಿಸಿಕೊಂಡೆ.

ಕೊನೆಗೆ ದನಿ ತೆಗೆದು ಬರೀ ಚಿತ್ರ ಹಾಕಿ ಎಂದೆ. ಆಗ ಕಂಡಿತು. ಕೋಚ್ ಕೇಳಿದ ಮೇಲೆ ಅವಳು ಮೊದಲು ಗೆಳತಿಯ ಕೈಗಳನ್ನು ನೋಡುತ್ತಾಳೆ, ಪೆಟ್ಟಾಗಿದೆಯಾ ಎಂದು. ಪೆಟ್ಟಾಗಿಲ್ಲ. ಆಮೇಲೆಯೇ ಅವಳು ತಲೆಯೆತ್ತುವುದು. ಅವಳ ಮಟ್ಟಿಗೆ ವಿಷಯ ಅಲ್ಲಿಗೇ ಮುಗಿದಿದೆ. ಉಳಿದದ್ದು ಕೋಚಿಗೆ ಕೊಡುವ ಉತ್ತರ, ಅಷ್ಟೇ. ಹದಿನಾರು ವರ್ಷದವಳು, ಕಾಗದದ ಮೇಲೆ ಹುಟ್ಟಿದವಳು, ಇಷ್ಟು ದೊಡ್ಡವಳಾದದ್ದು ಯಾವಾಗ? ನನಗೆ ಅವಳ ಮುಂದೆ ನಿಲ್ಲಲೂ ಸಂಕೋಚವಾಯಿತು, ಅಣ್ಣ, ನಿಜವಾಗಿ. ಹನ್ನೆರಡನೇ ಸಲ, ಊಟ ಆಯಿತು ಎಂದು ಹೇಳುವಷ್ಟು ಸಲೀಸಾಗಿ ಆ ಮಾತು ಹೇಳಿದೆ. ಗಾಜಿನಾಚೆ ನಿರ್ದೇಶಕಿ ಹೆಬ್ಬೆರಳು ಎತ್ತಿ ತೋರಿಸಿ ಮುಖ ಒರೆಸಿಕೊಂಡಳು.

ಆ ಕಂತು ಮುಂದಿನ ಭಾನುವಾರ ಬೆಳಿಗ್ಗೆ ಟಿವಿಯಲ್ಲಿ ಬರುತ್ತದೆ. ರೇಸ್ ಕಾರಿನ ಸದ್ದು ಕೇಳಿದರೆ ಎದ್ದು ಹೋಗುವವನು ನೀನು, ಗೊತ್ತಿದೆ. ಈ ಒಂದು ಸಲ ಮಕ್ಕಳ ಜೊತೆ ಕೂತು ನೋಡು. ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ನನ್ನ ಮುತ್ತು, ಆಶೀರ್ವಾದ. ನೂರು ಕಾಲ ಚೆನ್ನಾಗಿರಿ.

ನಿನ್ನ
ಬಾಯಿಬಡುಕಿ ತಂಗಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಅಪಘಾತದ ದಿನ ನಿನ್ನ ಪಕ್ಕದ ಸೀಟಿನಲ್ಲಿದ್ದ ನಾನು ಬೆವರುಗೈಯಲ್ಲಿ ದಾರಿಯ ಟಿಪ್ಪಣಿಯ ಎರಡು ಹಾಳೆ ಒಟ್ಟಿಗೆ ಮಗುಚಿದೆ. ಬಲಕ್ಕೆ ಬಿಗಿ ತಿರುವು ಇದ್ದ ಹಾಳೆ ನಡುವೆ ಉಳಿಯಿತು. 'ನೇರ, ಪೂರ್ತಿ ವೇಗ' ಎಂದು ಓದಿದೆ, ನೀನು ನನ್ನನ್ನು ನಂಬಿ ಒತ್ತಿದೆ. ಜನ ಬರುವ ಮೊದಲು ನೀನು ನನ್ನ ಮಡಿಲಲ್ಲಿ ತೆರೆದಿದ್ದ ಪುಟವನ್ನು ನೋಡಿದ್ದನ್ನು ನಾನು ನೋಡಿದ್ದೇನೆ. ನೀನು ಪುಸ್ತಕ ಮುಚ್ಚಿ ನಿನ್ನ ಅಂಗಿಯೊಳಗೆ ಹಾಕಿಕೊಂಡೆ. ವಿಚಾರಣೆಯಲ್ಲಿ ನೀನು 'ನಾನೇ ದುಡುಕಿದೆ' ಎಂದೆ, ನಾನು ಬಾಯಿಗೆ ಬೀಗ ಹಾಕಿಕೊಂಡು ತಲೆಯಾಡಿಸಿದೆ.

ಇಷ್ಟನ್ನೂ ಬರೆದು, ಸಹಿ ಹಾಕಿ, ನಿನ್ನೆ ಬೆಳಿಗ್ಗೆ ಎರಡು ಬಸ್ಸು ಬದಲಿಸಿ ಹೋಗಿ ಕ್ಲಬ್ಬಿನ ಕಾರ್ಯದರ್ಶಿಯ ಕೈಗೇ ಕೊಟ್ಟು ಬಂದೆ. ಓದಿ, ಕನ್ನಡಕ ತೆಗೆದು, "ಮೂವತ್ತು ವರ್ಷ ಯಾಕಮ್ಮಾ ಸುಮ್ನಿದ್ರಿ?" ಎಂದರು. ಹೆದರಿಕೆ ಎಂದೆ. ನಿನಗೆ ಮೊದಲೇ ಹೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ, ನಾನೂ ಸಂತೋಷವಾಗಿ ಒಪ್ಪಿಬಿಡುತ್ತಿದ್ದೆ. ಅದಕ್ಕೇ ಹೇಳಲಿಲ್ಲ.