ಮುಚ್ಚಳದ ಮೇಲಿನ ಸೋಪು

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಣ್ಣನಿಗೆ,

ಅಪ್ಪ, ನಾನು ಚೆನ್ನಾಗಿದ್ದೇವೆ. ನೀವೆಲ್ಲ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಮೂರು ಸಲ ಬರೆದು ಮೂರು ಸಲವೂ ಹರಿದು ಹಾಕಿದೆ. ಸಿಟ್ಟು ಇಳಿಯಿತು ಎಂದುಕೊಳ್ಳಬೇಡ, ಹಾಳೆ ಮುಗಿಯುತ್ತಾ ಬಂತು, ಅಷ್ಟೇ.

ಈ ಶನಿವಾರ ಬಂದು ದೋಣಿಯನ್ನು ಚಿಕ್ಕಪ್ಪನ ಮಗನಿಗೆ ಒಪ್ಪಿಸುತ್ತೇನೆ ಎಂದು ಬರೆದಿದ್ದೀಯಲ್ಲ, ಅಪ್ಪನ ಮೊಣಕಾಲು ಕೈಕೊಟ್ಟ ಮೇಲೆ ಎರಡು ವರ್ಷದಿಂದ ಜನರನ್ನು ಹೊಳೆ ದಾಟಿಸುತ್ತಿರುವವಳು ನಾನು. ಒಬ್ಬರ ಚಪ್ಪಲಿಯೂ ನೀರಿಗೆ ಬಿದ್ದಿಲ್ಲ. ಮೂರು ತಿಂಗಳಿಂದ ಆ ಹಳೇ ಮೋಟಾರು ಹಟ ಹಿಡಿದಿತ್ತು, ನಿಜ. ಅರ್ಧ ಹೊಳೆಯವರೆಗೆ ಚೆನ್ನಾಗಿ ಓಡಿ ಇದ್ದಕ್ಕಿದ್ದಂತೆ ಕುಗ್ಗುವುದು. ಆಕ್ಸಿಲರೇಟರ್ ತಿರುವಿದರೆ ಏಳದು, ಮರುಗಳಿಗೆ ತಾನಾಗಿಯೇ ಜಿಗಿಯುವುದು. ಶಾಲೆಯ ಟೀಚರಮ್ಮ ಒಮ್ಮೆ ಮುಗ್ಗರಿಸಿ, "ಏನಮ್ಮಾ, ಕುದುರೆ ಓಡಿಸ್ತಿದ್ದೀಯಾ?" ಎಂದರು. ಮೋಟಾರಿನ ದೋಷ ಎಂದು ನಾನು ಹೇಳಿದ್ದಕ್ಕೆ ನೀನು ಬರೆದದ್ದೇನು? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ನಾನೇನು ಕೈಕಟ್ಟಿ ಕುಳಿತಿದ್ದೆನೇ? ಪ್ಲಗ್ ಬದಲಿಸಿದೆ. ಕಾರ್ಬ್ಯುರೇಟರ್ ಬಿಚ್ಚಿ ಒಂದೊಂದು ತೂತನ್ನೂ ಊದಿದೆ. ಫಿಲ್ಟರ್ ತೊಳೆದೆ, ಆಕ್ಸಿಲರೇಟರ್ ತಂತಿಗೆ ಎಣ್ಣೆ ಬಿಟ್ಟೆ. ನಿನ್ನ ಶಿಷ್ಯ, ಆ ಮೆಕ್ಯಾನಿಕ್ಕನನ್ನು ಎರಡು ಸಲ ಕರೆಸಿದೆ. ಆ ಪುಣ್ಯಾತ್ಮ ಬಂದವನೇ ಟ್ಯಾಂಕಿನ ಮುಚ್ಚಳ ತೆಗೆದು ಪೆಟ್ರೋಲ್ ಇದೆಯಾ ಎಂದು ಇಣುಕುತ್ತಾನೆ, ಮತ್ತೆ ಮುಚ್ಚುತ್ತಾನೆ, ದಡದಲ್ಲೇ ಐದು ನಿಮಿಷ ಓಡಿಸುತ್ತಾನೆ. "ಮೋಟಾರು ಬಂಗಾರದಂಗಿದೆ ಅಕ್ಕಾ. ನಿಮ್ ಕೈ ಸ್ವಲ್ಪ ಹಗುರ ಇರ್ಲಿ." ಅದನ್ನೇ ನಿನಗೂ ಫೋನ್ ಮಾಡಿ ಊದಿದ. ನೀನು ನಂಬಿದೆ. ನನ್ನನ್ನು ಒಂದು ಮಾತು ಕೇಳಿದೆಯಾ?

ಭಾನುವಾರ ಖಾಲಿ ದೋಣಿಯಲ್ಲಿ ಒಬ್ಬಳೇ ಹೊರಟೆ. ನಡುಹೊಳೆಯಲ್ಲಿ ಎಂದಿನಂತೆ ಕುಗ್ಗಿತು. ಈ ಸಲ ಮೋಟಾರನ್ನು ಬಿಟ್ಟು ಪೆಟ್ರೋಲ್ ಪೈಪಿನತ್ತ ನೋಡಿದೆ. ಹಿಚುಕಿ ಪೆಟ್ರೋಲ್ ಏರಿಸುತ್ತೇವಲ್ಲ, ಆ ರಬ್ಬರ್ ಉಂಡೆ ಹಸಿದ ಹೊಟ್ಟೆಯ ಹಾಗೆ ಒಳಕ್ಕೆ ಅಂಟಿತ್ತು. ಟ್ಯಾಂಕಿನ ಮುಚ್ಚಳ ಸಡಿಲಿಸಿದೆ. ಸುಂಯ್ ಎಂದು ಗಾಳಿ ಒಳಗೆ ನುಗ್ಗಿತು. ಉಂಡೆ ಉಬ್ಬಿತು, ಮೋಟಾರು ಸಲೀಸಾಗಿ ಓಡಿತು. ಮುಚ್ಚಳ ತೆಗೆದು ನೋಡಿದರೆ, ಗಾಳಿಯಾಡುವ ತೂತಿನ ತುಂಬ ನೀಲಿ ಸೋಪು ಕಲ್ಲಾಗಿ ಕೂತಿದೆ. ಆ ಮೆಕ್ಯಾನಿಕ್ ಮುಚ್ಚಳ ತೆಗೆದಾಗಲೆಲ್ಲ ಟ್ಯಾಂಕಿಗೆ ಗಾಳಿ ಸಿಗುತ್ತಿತ್ತು, ಅವನ ಕಣ್ಣೆದುರು ಮೋಟಾರು ಬಂಗಾರವಾಗುತ್ತಿತ್ತು!

ಸೋಪು ಮೆತ್ತಿದ್ದು ಯಾರು, ನೆನಪಾಯಿತೇ? ಮೂರು ತಿಂಗಳ ಹಿಂದೆ ಬಂದಾಗ, "ಮುಚ್ಚಳದಿಂದ ಪೆಟ್ರೋಲ್ ತುಳುಕ್ತಿದೆ, ಒಂಚೂರು ಬಟ್ಟೆ ಸೋಪು ಕೊಡೇ" ಎಂದವನು ನೀನು. ಕೊಟ್ಟವಳು ನಾನೇ, ನನ್ನ ಕರ್ಮ. ಸೋರುವ ಟ್ಯಾಂಕಿಗೆ ಸೋಪು ಮೆತ್ತುವುದು ನಮ್ಮ ಮನೆಯ ವಿದ್ಯೆ, ಸರಿ. ಉಸಿರಾಡುವ ತೂತಿಗೆ ಯಾರಾದರೂ ಮೆತ್ತುತ್ತಾರೆಯೇ? ನೆಲ ಡೊಂಕೇ ಇತ್ತು ಅಣ್ಣಾ. ಡೊಂಕು ಮಾಡಿದವನು ನೀನು.

ಶನಿವಾರ ಬಾ, ಹೊಟ್ಟೆ ತುಂಬ ಊಟ ಮಾಡು. ದೋಣಿ ಮಾತ್ರ ಕೊಡುವುದಿಲ್ಲ. ಅತ್ತಿಗೆಗೆ ನಮಸ್ಕಾರ. ಮಕ್ಕಳಿಗೆ ನನ್ನ ಆಶೀರ್ವಾದ, ನೂರು ಕಾಲ ಚೆನ್ನಾಗಿ ಬಾಳಲಿ, ತಮ್ಮಪ್ಪನ ಸೋಪಿನ ವಿದ್ಯೆಯೊಂದನ್ನು ಮಾತ್ರ ಕಲಿಯದಿರಲಿ.

ಇಂತಿ,
ನಿನ್ನ ತಂಗಿ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಈ ಮೂರು ತಿಂಗಳು ಅಪ್ಪ ನನ್ನ ದೋಣಿ ಹತ್ತಲಿಲ್ಲ. ಡಾಕ್ಟರ ಹತ್ತಿರ ಹೋಗಲು ಆ ಮೊಣಕಾಲಿನಲ್ಲೇ ಸೇತುವೆ ಸುತ್ತಿ ನಡೆದರು. ನನಗೆ ಮೋಟಾರು ಬಿಚ್ಚಿ ಜೋಡಿಸಲು ಕಲಿಸಿದವರು ಅವರೇ. ನಿನ್ನೆ ದಡದಲ್ಲಿ ನಿಂತು ಸದ್ದು ಕೇಳಿದರು, ಬಂದು ಹತ್ತಿದರು. ಇಳಿಯುವಾಗ ನನ್ನ ಭುಜ ಹಿಡಿದುಕೊಂಡು, "ಕೊನೆಗೂ ನಿನ್ನಣ್ಣ ಫೋನಲ್ಲಿ ಹೇಳಿಕೊಟ್ನಾ?" ಎಂದರು. ನಾನು ಹೂಂ ಅಂದುಬಿಟ್ಟೆ. ಎಷ್ಟೋ ದಿನದ ಮೇಲೆ ಇಟ್ಟ ಕೈ, ಎಲ್ಲಿ ತೆಗೆದುಬಿಡುತ್ತಾರೋ ಎಂದು. ಶನಿವಾರ ಅವರ ಎದುರು ನಿಂತು ನಿಜ ಏನೆಂದು ನೀನೇ ಹೇಳು. ನಿನ್ನ ಮಾತಾದರೆ ನಂಬುತ್ತಾರೆ.